ಮನೆಯಲ್ಲೇ ರೆಕಾರ್ಡಿಂಗ್: ರೆಕಾರ್ಡರ್ ಕೊಳ್ಳಬೇಕೆ, ಕಂಪ್ಯೂಟರ್ ಸಾಕೆ?

ಗಮಕ ವಾಚನದಲ್ಲಿ ರಾಗ ಉಂಟು, ತಾಳ ಇಲ್ಲ. ಕುಮಾರವ್ಯಾಸನ ಷಟ್ಪದಿಯನ್ನು ಓದುವ ಗಮಕಿ ಅರ್ಥ ಕೇಳಿದ ಕಡೆ ನಿಲ್ಲುತ್ತಾರೆ, ಭಾವ ಕೇಳಿದ ಕಡೆ ಸ್ವರವನ್ನು ಎಳೆಯುತ್ತಾರೆ. ಇಂಥ ವಾಚನವನ್ನು ಮನೆಯಲ್ಲೇ ರೆಕಾರ್ಡ್ ಮಾಡೋಣವೆಂದು ಕಂಪ್ಯೂಟರಿನಲ್ಲಿ ರೀಪರ್ ಅಥವಾ ಗ್ಯಾರೇಜ್‌ಬ್ಯಾಂಡ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಉದ್ದಕ್ಕೂ ಎಳೆದ ಅಳತೆಯ ಗೆರೆಗಳು: ನಿಮಿಷಕ್ಕೆ 120 ಬಡಿತ, ನಾಲ್ಕು ನಾಲ್ಕರ ನಡೆ. ಆ ಗೆರೆಗಳನ್ನು ಮರೆಮಾಡಬಹುದು, ಲೆಕ್ಕಿಸದೆ ಓದಲೂಬಹುದು. ಆದರೆ ಈ ಸಾಫ್ಟ್‌ವೇರ್ ಯಾವ ಬಗೆಯ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾಯಿತು ಎಂಬುದು ಮೊದಲ ಪರದೆಯಲ್ಲೇ ಗೊತ್ತಾಗಿಬಿಡುತ್ತದೆ. ಅಂಗೈಯಲ್ಲಿ ಹಿಡಿಯುವ ರೆಕಾರ್ಡರಿಗೆ ಈ ಗೊಡವೆಯೇ ಇಲ್ಲ. ಕೆಂಪು ಗುಂಡಿ ಒತ್ತಿದರೆ ವಾಚನ ಶುರು.

ಹಾಗೆಂದು ರೆಕಾರ್ಡರೇ ಮೇಲು ಎಂದು ಇಲ್ಲಿಗೇ ತೀರ್ಮಾನಿಸಿಬಿಡುವಂತಿಲ್ಲ. ಭಾವಗೀತೆ ಹಾಡಿ ಯೂಟ್ಯೂಬಿಗೆ ಏರಿಸುವವರು, ಕಾದಂಬರಿಗಳನ್ನು ಆಡಿಯೊ ಪುಸ್ತಕವಾಗಿ ಓದುವವರು, ಪಾಡ್‌ಕಾಸ್ಟ್ ನಡೆಸುವವರು, ಹೊರದೇಶದಲ್ಲಿರುವ ಶಿಷ್ಯರಿಗೆ ಪಾಠ ಕಳಿಸುವ ಸಂಗೀತದ ಮೇಷ್ಟ್ರುಗಳು, ಹೀಗೆ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡವರು ಈಗ ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಫೋನಿನಿಂದ ಒಂದು ಮೆಟ್ಟಿಲು ಮೇಲೇರಬೇಕು ಎನ್ನಿಸಿದಾಗ ಇವರೆಲ್ಲರ ಎದುರು ಎರಡು ದಾರಿ ತೆರೆಯುತ್ತವೆ. ಒಂದು, ಮೈಕಿನಿಂದ ಮೆಮೊರಿ ಕಾರ್ಡ್‌ವರೆಗಿನ ಎಲ್ಲ ಕೆಲಸವನ್ನೂ ತಾನೇ ಮಾಡುವ ಪ್ರತ್ಯೇಕ ರೆಕಾರ್ಡರ್. ಇನ್ನೊಂದು, ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ಆಡಿಯೊ ಇಂಟರ್‌ಫೇಸ್ ಎಂಬ ಚಿಕ್ಕ ಪೆಟ್ಟಿಗೆಯನ್ನು ಜೋಡಿಸಿ, ಸಾಫ್ಟ್‌ವೇರಿನೊಳಗೆ ರೆಕಾರ್ಡ್ ಮಾಡುವುದು.

ಮೊದಲ ದಾರಿಗೆ ನಲವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ಪೋರ್ಟಾಸ್ಟುಡಿಯೊ 144 ಎಂಬ ಯಂತ್ರವನ್ನು ಹೊರತಂದಿತು. ನಾವೆಲ್ಲ ಹಾಡು ಕೇಳುತ್ತಿದ್ದ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ ಮುದ್ರಿಸುವ ಯಂತ್ರ ಅದು. ಕ್ಯಾಸೆಟ್ಟಿನ ಎರಡೂ ಬದಿಗೆ ಮೀಸಲಾದ ಜಾಗವನ್ನು ಒಂದೇ ದಿಕ್ಕಿನಲ್ಲಿ ಬಳಸಿ, ಟೇಪನ್ನು ಎರಡರಷ್ಟು ವೇಗದಲ್ಲಿ ಓಡಿಸುತ್ತಿದ್ದರಿಂದ ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಸಿಗುತ್ತಿದ್ದದ್ದು ಹದಿನೈದೇ ನಿಮಿಷ. ಆದರೂ ಅದು ದೊಡ್ಡ ಬದಲಾವಣೆ. ಅದಕ್ಕೂ ಮೊದಲು ಒಂದು ಹಾಡಿನ ಮೇಲೆ ಇನ್ನೊಂದು ದನಿಯನ್ನು ಸೇರಿಸಬೇಕೆಂದರೆ ಸಾಮಾನ್ಯವಾಗಿ ಸ್ಟುಡಿಯೊಕ್ಕೇ ಹೋಗಬೇಕಿತ್ತು. ಕನ್ನಡ ಸಿನಿಮಾ ಹಾಡುಗಳ ಮುದ್ರಣಕ್ಕೆ ಬಹುಕಾಲ ಮದ್ರಾಸಿನ ರೈಲು ಹತ್ತಬೇಕಾಗಿದ್ದುದನ್ನೂ, 1980ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದನ್ನೂ ನೆನೆದರೆ, ಸ್ಟುಡಿಯೊ ಎಂಬುದು ಎಷ್ಟು ದೂರದ, ಎಷ್ಟು ದುಬಾರಿಯ ಸಂಗತಿಯಾಗಿತ್ತು ಎಂಬುದು ಅರ್ಥವಾಗುತ್ತದೆ.

ಪೋರ್ಟಾಸ್ಟುಡಿಯೊದ ಹೆಸರನ್ನು ಚಿರಸ್ಥಾಯಿ ಮಾಡಿದ್ದು ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬಲ್ಲಿನ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಅವರು ಈ ಯಂತ್ರವನ್ನಿಟ್ಟುಕೊಂಡು ಹೊಸ ಹಾಡುಗಳನ್ನು ಹಾಡಿದರು. ಜೊತೆಗಿದ್ದದ್ದು ಎರಡು ಶೂರ್ ಎಸ್‌ಎಂ57 ಮೈಕು, ಗಿಟಾರು, ಮೌತ್ ಆರ್ಗನ್ನು. ಹಾಡಿಗೆ ಒಂದು ಟ್ರ್ಯಾಕ್, ಗಿಟಾರಿಗೆ ಒಂದು ಟ್ರ್ಯಾಕ್ ಹೋದ ಮೇಲೆ ಉಳಿಯುತ್ತಿದ್ದದ್ದು ಎರಡು. ಅವುಗಳಲ್ಲೇ ಇನ್ನೊಂದು ದನಿಯೋ ಇನ್ನೊಂದು ವಾದ್ಯವೋ ಸೇರಬೇಕು. ಕೊನೆಗೆ ಎಲ್ಲವನ್ನೂ ಒಂದು ಪ್ಯಾನಾಸೋನಿಕ್ ಟೇಪ್ ರೆಕಾರ್ಡರಿಗೆ ಇಳಿಸಿ ಮಿಕ್ಸ್ ಮಾಡಿದರು. ಅದು ತಂಡದವರಿಗೆ ಹಾಡು ಕೇಳಿಸಲೆಂದು ಮಾಡಿಕೊಂಡ ಕರಡು ಅಷ್ಟೆ. ಆ ಕ್ಯಾಸೆಟ್ಟು ಕವಚವೂ ಇಲ್ಲದೆ ಅವರ ಜೇಬಿನಲ್ಲಿ ಓಡಾಡಿಕೊಂಡಿತ್ತು.

ಆಮೇಲೆ ಇದೇ ಹಾಡುಗಳನ್ನು ನ್ಯೂಯಾರ್ಕಿನ ದೊಡ್ಡ ಸ್ಟುಡಿಯೊದಲ್ಲಿ ಪೂರ್ಣ ತಂಡದೊಂದಿಗೆ ಮುದ್ರಿಸಿ ನೋಡಿದರು. ಅವರಿಗೆ ಒಪ್ಪಿಗೆಯಾಗಲಿಲ್ಲ. ಮಲಗುವ ಕೋಣೆಯ ಹಾಡಿನಲ್ಲಿದ್ದ ಒಂಟಿತನ ಸ್ಟುಡಿಯೊದ ಹಾಡಿನಲ್ಲಿ ಇರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟಿನ ಸದ್ದನ್ನೇ ಗ್ರಾಮಫೋನ್ ತಟ್ಟೆಗೆ ಇಳಿಸಲು ಎಂಜಿನಿಯರುಗಳು ಹೆಣಗಾಡಬೇಕಾಯಿತು. 1982ರ ಸೆಪ್ಟೆಂಬರಿನಲ್ಲಿ ‘ನೆಬ್ರಾಸ್ಕಾ’ ಎಂಬ ಹೆಸರಿನಲ್ಲಿ ಹೊರಬಂದ ಆ ಆಲ್ಬಮ್ಮನ್ನು ಮನೆ ಮುದ್ರಣದ ಮಾತು ಬಂದಾಗಲೆಲ್ಲ ಇಂದಿಗೂ ನೆನೆಯುತ್ತಾರೆ.

ಈ ಕತೆಯಿಂದ ಕಡಿಮೆ ಬೆಲೆಯ ಯಂತ್ರವಾದರೂ ಸಾಕು ಎಂಬ ಪಾಠ ತೆಗೆಯುವವರುಂಟು. ಯಂತ್ರದ ಮಿತಿ ಹಾಡುಗಾರನಿಂದ ಏನನ್ನು ಮಾಡಿಸಿತು ಎಂಬುದು ಅದಕ್ಕಿಂತ ಮುಖ್ಯ. ನಾಲ್ಕೇ ಟ್ರ್ಯಾಕ್ ಇದ್ದಾಗ ಯಾವ ವಾದ್ಯ ಬೇಕು, ಯಾವುದು ಬೇಡ ಎಂದು ಹಾಡುವ ಮೊದಲೇ ನಿರ್ಧರಿಸಬೇಕು. ಬೀಟಲ್ಸ್ ತಂಡ 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮನ್ನು ಮಾಡಿದ್ದೂ ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರಗಳಲ್ಲೇ. ಜಾಗ ತುಂಬಿದಾಗ ನಾಲ್ಕನ್ನೂ ಬೆರೆಸಿ ಇನ್ನೊಂದು ಯಂತ್ರದ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಮುಂದುವರಿಯುತ್ತಿದ್ದರು. ಒಮ್ಮೆ ಬೆರೆಸಿದ್ದನ್ನು ಮತ್ತೆ ಬಿಡಿಸುವಂತಿರಲಿಲ್ಲ. ಇಂದಿನ ರೆಕಾರ್ಡರುಗಳಲ್ಲಿ ಜಾಗಕ್ಕೆ ಇಷ್ಟು ಬರವಿಲ್ಲ. ಟಾಸ್ಕಾಮ್ ಡಿಪಿ-24ಎಸ್‌ಡಿಯಲ್ಲಿ 24 ಟ್ರ್ಯಾಕ್ ಇವೆ, ಒಮ್ಮೆಗೆ ಎಂಟನ್ನು ಮುದ್ರಿಸಬಹುದು. ಆದರೂ ಎಲ್ಲ ಕೆಲಸವೂ ಫೇಡರು, ಗುಂಡಿ ಮತ್ತು ಅಂಗೈಯಗಲದ ಪರದೆಯ ಮೂಲಕವೇ ನಡೆಯಬೇಕಾದ್ದರಿಂದ, ಸರಿಯಾಗಿ ಹಾಡುವುದೇ ತಿದ್ದುವುದಕ್ಕಿಂತ ಸುಲಭ ಎನ್ನಿಸುತ್ತದೆ. ರೆಕಾರ್ಡರಿನ ಬಹುದೊಡ್ಡ ಗುಣ ಇದೇ.

ಕಂಪ್ಯೂಟರಿನ ದಾರಿ ತೆರೆದದ್ದು ಆಮೇಲೆ. ಕ್ಯೂಬೇಸ್ 1989ರಲ್ಲಿ ಅಟಾರಿ ಕಂಪ್ಯೂಟರಿನ ಮೇಲೆ ಬಂತು. ಪ್ರೊ ಟೂಲ್ಸ್ 1991ರಲ್ಲಿ ಬಂತು. ಆಗ ಅದು ಮನೆಯವರ ಕೈಗೆಟುಕುವ ಬೆಲೆಯದ್ದಲ್ಲ. 2000ದಲ್ಲಿ ಆಡಾಸಿಟಿ ಉಚಿತವಾಗಿ ಸಿಕ್ಕಿತು. 2004ರಲ್ಲಿ ಆ್ಯಪಲ್ ಕಂಪನಿ ಗ್ಯಾರೇಜ್‌ಬ್ಯಾಂಡನ್ನು ಬಿಡುಗಡೆ ಮಾಡಿ ಹೊಸ ಮ್ಯಾಕ್‌ಗಳ ಜೊತೆಗೇ ಕೊಡತೊಡಗಿತು. ರೀಪರ್ ಎಂಬ ಸಾಫ್ಟ್‌ವೇರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಮೆಚ್ಚಿಗೆಯಾದರೆ ಸ್ವಂತ ಬಳಕೆಯ ಪರವಾನಗಿಗೆ 60 ಡಾಲರ್. ಎಷ್ಟು ಟ್ರ್ಯಾಕ್ ಬೇಕಾದರೂ ಹಾಕಿಕೊಳ್ಳಬಹುದು. ಮಿತಿ ಏನಿದ್ದರೂ ಕಂಪ್ಯೂಟರಿನ ಶಕ್ತಿಯದ್ದು.

ಈ ದಾರಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಬಿಲ್ಲಿ ಐಲಿಷ್ ಸಾಕ್ಷಿ. 2019ರಲ್ಲಿ ಬಂದ ಆಕೆಯ ಮೊದಲ ಪೂರ್ಣ ಆಲ್ಬಮ್ಮಿನ ಬಹುಪಾಲು ತಯಾರಾದದ್ದು ಲಾಸ್ ಏಂಜಲೀಸಿನ ಹೈಲ್ಯಾಂಡ್ ಪಾರ್ಕಿನಲ್ಲಿರುವ ಅಪ್ಪ ಅಮ್ಮನ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಚಿಕ್ಕ ಮಲಗುವ ಕೋಣೆಯಲ್ಲಿ, ಲಾಜಿಕ್ ಪ್ರೊ ಎಂಬ ಸಾಫ್ಟ್‌ವೇರಿನಲ್ಲಿ. ಆಕೆ ಹಾಸಿಗೆಯ ಮೇಲೆ ಕೂತು ಹಾಡುತ್ತಿದ್ದಳು. ಅದೇ ಆಲ್ಬಮ್ 2020ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಆಯಿತು. ಇನ್ನೂ ಒಂದು ಸಂಗತಿ ಇಲ್ಲಿದೆ. ಆ ಹಾಡುಗಳೊಳಗೆ ದಂತವೈದ್ಯರ ಕ್ಲಿನಿಕ್ಕಿನ ಡ್ರಿಲ್ ಸದ್ದಿದೆ, ಆಸ್ಟ್ರೇಲಿಯಾದ ರಸ್ತೆ ದಾಟುವ ಸಿಗ್ನಲ್ಲಿನ ಸದ್ದಿದೆ. ಅವನ್ನು ಆಕೆ ಹಿಡಿದದ್ದು ಫೋನಿನಲ್ಲಿ. ಸದ್ದು ಇರುವ ಜಾಗಕ್ಕೆ ಕೈಯಲ್ಲಿರುವ ಯಂತ್ರ ಹೋಯಿತು, ಅದನ್ನು ಕತ್ತರಿಸಿ ಹಾಡಿಗೆ ಕೂಡಿಸುವ ಕೆಲಸ ಕಂಪ್ಯೂಟರ್ ಮಾಡಿತು.

ಕತ್ತರಿಸಿ ಕೂಡಿಸುವ ಕೆಲಸದಲ್ಲಿ ಸಾಫ್ಟ್‌ವೇರಿಗೆ ಸಾಟಿಯಿಲ್ಲ. ಒಂದೇ ಪಲ್ಲವಿಯನ್ನು ಹತ್ತು ಸಲ ಹಾಡಿ, ಒಂದರಿಂದ ಮೊದಲ ಸಾಲು, ಇನ್ನೊಂದರಿಂದ ಎರಡನೆಯ ಸಾಲು ಆಯ್ದು ಒಂದೇ ಉಸಿರಿನ ಹಾಡಿನಂತೆ ಪೋಣಿಸಬಹುದು. ಆಡಿಯೊ ಪುಸ್ತಕ ಓದುವವರಿಗಂತೂ ಇದು ವರವೇ. ಮುನ್ನೂರು ಪುಟದ ಕಾದಂಬರಿಯಲ್ಲಿ ಒಂದು ಅಲ್ಪಪ್ರಾಣ ಮಹಾಪ್ರಾಣವಾದರೆ ಇಡೀ ಅಧ್ಯಾಯವನ್ನು ಮತ್ತೆ ಓದುವ ಅಗತ್ಯವಿಲ್ಲ. ಆ ವಾಕ್ಯವನ್ನಷ್ಟೆ ಓದಿ ಕೂರಿಸಿದರೆ ಆಯಿತು. ಇದೇ ಕೆಲಸವನ್ನು ರೆಕಾರ್ಡರಿನ ಪುಟ್ಟ ಪರದೆಯಲ್ಲಿ ಮಾಡಹೊರಟವರು ಅರ್ಧ ದಿನದಲ್ಲೇ ಕೈಚೆಲ್ಲುತ್ತಾರೆ.

ತಿದ್ದುವ ಸೌಲಭ್ಯಕ್ಕೆ ಇನ್ನೊಂದು ಮುಖವೂ ಉಂಟು. ಶ್ರುತಿ ತಿದ್ದುವ ಆಟೊಟ್ಯೂನ್ 1997ರಲ್ಲಿ ಬಂತು. ಭೂಮಿಯೊಳಗಿನ ತೈಲವನ್ನು ಪತ್ತೆಹಚ್ಚಲು ಕಂಪನಗಳನ್ನು ವಿಶ್ಲೇಷಿಸುತ್ತಿದ್ದ ಆ್ಯಂಡಿ ಹಿಲ್ಡೆಬ್ರಾಂಡ್ ಅದನ್ನು ರೂಪಿಸಿದವರು. ಪಾಶ್ಚಾತ್ಯ ಪದ್ಧತಿಯ ಹನ್ನೆರಡು ಸ್ವರಗಳಲ್ಲಿ ಹತ್ತಿರದ್ದು ಯಾವುದೋ ಅಲ್ಲಿಗೆ ದನಿಯನ್ನು ಎಳೆದು ಕೂರಿಸುವುದು ಈ ಬಗೆಯ ಸಾಧನಗಳ ಮೂಲ ಕೆಲಸ. ತೋಡಿಯ ಗಾಂಧಾರದ ಮೇಲೆ ಅದನ್ನು ಬಿಗಿಯಾಗಿ ಹಾಕಿ ನೋಡಿದರೆ ಏನಾಗುತ್ತದೆ? ತೂಗಬೇಕಾದ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಕುಪ್ಪಳಿಸುತ್ತದೆ, ರಾಗದ ಜೀವವೇ ಹೋಗುತ್ತದೆ. ಕರ್ನಾಟಕ ಸಂಗೀತವನ್ನೋ ಹಿಂದೂಸ್ತಾನಿಯನ್ನೋ ಹಾಡುವವರು ಕಂಪ್ಯೂಟರ್ ಬಳಸಲಿ, ಆದರೆ ಶ್ರುತಿ ತಿದ್ದುವ ಗುಂಡಿಯಿಂದ ದೂರವಿರಲಿ. ತಪ್ಪು ಸ್ವರಕ್ಕೆ ಮತ್ತೊಮ್ಮೆ ಹಾಡುವುದೇ ಮದ್ದು. ಇನ್ನು ಮೊದಲು ಹೇಳಿದ ಅಳತೆಯ ಗೆರೆಗಳ ಮಾತು. ತಾಳವಿರುವ ರಚನೆಗಳಿಗೆ ಅವನ್ನು ಹೊಂದಿಸಿಕೊಳ್ಳುವುದು ಕಷ್ಟವಲ್ಲ: ಖಂಡ ಛಾಪುವಿಗೆ ಐದು, ಮಿಶ್ರ ಛಾಪುವಿಗೆ ಏಳು ಎಂದು ಎಣಿಕೆ ಬದಲಿಸಿದರೆ ಸಾಕು. ಆಲಾಪನೆ, ಉಗಾಭೋಗ, ಗಮಕ ವಾಚನಗಳಿಗೆ ಗೆರೆ ಮುಚ್ಚಿಬಿಡುವುದೇ ಒಳಿತು.

ಮೊದಲ ಬಾರಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡುವವರು ಎಡವುವುದು ಬೇರೆ ಕಡೆ. ಹೆಡ್‌ಫೋನ್ ಹಾಕಿಕೊಂಡು ಹಾಡತೊಡಗಿದರೆ ತಮ್ಮದೇ ದನಿ ಒಂದು ಕ್ಷಣ ತಡವಾಗಿ ಕಿವಿಗೆ ಬೀಳುತ್ತದೆ, ತಾಳ ತಪ್ಪುತ್ತದೆ. ಕಾರಣ ಸರಳ. ಕಂಪ್ಯೂಟರ್ ದನಿಯನ್ನು ಸೆಕೆಂಡಿಗೆ 48,000 ತುಣುಕುಗಳಾಗಿ ಅಳೆದು, ಒಂದಿಷ್ಟನ್ನು ಕೂಡಿಟ್ಟುಕೊಂಡು ಒಟ್ಟಿಗೆ ಸಂಸ್ಕರಿಸುತ್ತದೆ. 1024 ತುಣುಕುಗಳನ್ನು ಕೂಡಿಡುವಂತೆ ಹೊಂದಿಸಿದ್ದರೆ ಒಳಬರಲು 21 ಮಿಲಿಸೆಕೆಂಡು, ಹೊರಹೋಗಲು ಇನ್ನೊಂದಷ್ಟು. 128ಕ್ಕೆ ಇಳಿಸಿದರೆ ಒಂದು ಕಡೆಯ ತಡ ಮೂರು ಮಿಲಿಸೆಕೆಂಡಿಗೂ ಕಡಿಮೆ. ಆಗ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಟ್ಟು, ಚಟಚಟ ಸದ್ದು ನುಸುಳಬಹುದು. ಹಾಗಾಗಿ ಇಂಟರ್‌ಫೇಸ್ ಕೊಳ್ಳುವಾಗ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇದೆಯೇ ಎಂದು ನೋಡಬೇಕು. ಅದನ್ನು ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಸುತ್ತುಹಾಕದೆ ನೇರ ಕಿವಿಗೆ ಬರುತ್ತದೆ. ರೆಕಾರ್ಡರ್ ಕೊಂಡವರು ಈ ಅಧ್ಯಾಯವನ್ನು ಓದುವ ಅಗತ್ಯವೇ ಇಲ್ಲ.

ಇನ್ನು ಕರೆಂಟಿನ ವಿಷಯ. ನಮ್ಮ ಮನೆಗಳ ಎಷ್ಟೋ ಪ್ಲಗ್ಗುಗಳಲ್ಲಿ ಅರ್ಥಿಂಗ್ ಸರಿಯಿರುವುದಿಲ್ಲ, ಕೆಲವು ಲ್ಯಾಪ್‌ಟಾಪ್ ಚಾರ್ಜರುಗಳಿಗೆ ಅರ್ಥಿಂಗ್ ಪಿನ್ನೇ ಇರುವುದಿಲ್ಲ. ಮೈಕ್ ಜೋಡಿಸಿದ ಕೂಡಲೆ ಒಂದೇ ಸಮ ಗುಂಯ್‌ಗುಡುವ ಸದ್ದು ಕೇಳಿದರೆ ಚಾರ್ಜರ್ ತೆಗೆದು ನೋಡಬೇಕು. ಬಹಳ ಸಲ ಅದು ಅಲ್ಲಿಗೇ ನಿಲ್ಲುತ್ತದೆ. ಬ್ಯಾಟರಿಯಲ್ಲಿ ನಡೆಯುವ ರೆಕಾರ್ಡರಿಗೆ ಈ ಕಾಟವಿಲ್ಲ, ಕರೆಂಟು ಹೋದರೂ ಅದರ ಕೆಲಸ ನಿಲ್ಲದು. ಆದರೆ 48 ವೋಲ್ಟ್ ಬೇಡುವ ಕಂಡೆನ್ಸರ್ ಮೈಕನ್ನು ಅದಕ್ಕೆ ಜೋಡಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಮುಖ್ಯ ಮುದ್ರಣಕ್ಕೆ ಹೊಸ ಬ್ಯಾಟರಿ ಹಾಕಿಯೇ ಕೂರಬೇಕು.

ಹಾಡುವವರು ಒಬ್ಬರೇ ಆದರೆ ಎರಡು ಮೈಕ್ ಹಿಡಿಯುವ ಇಂಟರ್‌ಫೇಸ್ ಧಾರಾಳವಾಯಿತು. ಗಾಯನ, ಪಿಟೀಲು, ಮೃದಂಗ ಮೂರೂ ಒಟ್ಟಿಗೆ ಕೂತು ನುಡಿಸುವ ಮನೆಯ ಕಚೇರಿಯಾದರೆ ಲೆಕ್ಕ ಬದಲಾಗುತ್ತದೆ. ಪ್ರತಿ ವಾದ್ಯಕ್ಕೂ ಬೇರೆ ಮೈಕು, ಮೃದಂಗದ ಎರಡು ಬದಿಗೆ ಎರಡು ಎಂದುಕೊಂಡರೆ ನಾಲ್ಕು ಮೈಕು ಬೇಕು. ಅಷ್ಟು ಮೈಕುಗಳನ್ನು ಹಿಡಿಯುವ ರೆಕಾರ್ಡರನ್ನು ಕಚೇರಿಯ ಮೂಲೆಯಲ್ಲಿಟ್ಟು ಮರೆತುಬಿಡಬಹುದು. ಲ್ಯಾಪ್‌ಟಾಪ್ ಆದರೆ ಅದರ ಫ್ಯಾನಿನ ಸದ್ದು, ನಡುವೆ ಶುರುವಾಗುವ ಅಪ್‌ಡೇಟು, ಪರದೆಯ ಮೇಲೇ ನೆಟ್ಟಿರುವ ಒಬ್ಬರ ಕಣ್ಣು, ಇವೆಲ್ಲ ಕಚೇರಿಯ ಜೊತೆಗೇ ಬರುತ್ತವೆ. ಒಟ್ಟಿಗೆ ನುಡಿಸುವವರಿಗೆ ರೆಕಾರ್ಡರ್ ಎನ್ನಲು ಹಿಂಜರಿಯಬೇಕಿಲ್ಲ.

ಈಚಿನ ರೆಕಾರ್ಡರುಗಳ ಇನ್ನೊಂದು ಅನುಕೂಲ 32 ಬಿಟ್ ಫ್ಲೋಟ್ ಮುದ್ರಣ. ಜೂಮ್ ಕಂಪನಿ 2019ರ ಎಫ್6ನಲ್ಲಿ ಇದನ್ನು ಕೊಟ್ಟಿತ್ತು, 2024ರಲ್ಲಿ ತನ್ನ ಪುಟ್ಟ ಎಚ್1 ಎಸೆನ್ಷಿಯಲ್‌ಗೂ ತಂದಿತು. ತಾರಸ್ಥಾಯಿಗೆ ಏರಿದಾಗ ದನಿ ಒಡೆಯುತ್ತದೆಂದು ಮಟ್ಟವನ್ನು ಮೊದಲೇ ತಗ್ಗಿಸಿಡುವ ಕಷ್ಟ ಇದರಲ್ಲಿಲ್ಲ. ಆಮೇಲೆ ಏರಿಸಬಹುದು, ಇಳಿಸಬಹುದು. ಮೈಕೇ ತಾಳಲಾರದಷ್ಟು ಜೋರಿನ ಚೆಂಡೆಯನ್ನು ಪಕ್ಕದಲ್ಲೇ ಬಾರಿಸಿದರೆ ಮಾತ್ರ ಯಾವ ಬಿಟ್ಟೂ ಕಾಪಾಡದು.

ಮುದ್ರಿಸಿದ್ದನ್ನು ಉಳಿಸುವುದರ ಬಗ್ಗೆ ಜನ ಯೋಚಿಸುವುದೇ ಇಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದ ಒಂದು ಗಂಟೆಯ ಸ್ಟೀರಿಯೊ ಮುದ್ರಣಕ್ಕೆ ಸುಮಾರು 1 ಜಿಬಿ ಜಾಗ ಬೇಕು. 32 ಜಿಬಿ ಕಾರ್ಡಿನಲ್ಲಿ ಮೂವತ್ತು ಗಂಟೆಯಷ್ಟು ಹಿಡಿಯುತ್ತದೆ. ಜಾಗ ಸಮಸ್ಯೆಯಲ್ಲ. ತೊಡಕು ಇರುವುದು ವರ್ಷಗಳ ನಂತರ ತೆರೆಯುವುದರಲ್ಲಿ. 1990ರ ದಶಕದಲ್ಲಿ ಜನಪ್ರಿಯವಾಗಿದ್ದ ಅಲೆಸಿಸ್ ಎಡ್ಯಾಟ್ ಯಂತ್ರ ಎಂಟು ಟ್ರ್ಯಾಕ್‌ಗಳನ್ನು ವಿಡಿಯೊ ಕ್ಯಾಸೆಟ್ಟಿನ ಮೇಲೆ ಬರೆಯುತ್ತಿತ್ತು. 1996ರ ರೋಲ್ಯಾಂಡ್ ವಿಎಸ್-880 ತನ್ನದೇ ಗುಟ್ಟಿನ ರೂಪದಲ್ಲಿ ಹಾರ್ಡ್ ಡಿಸ್ಕಿಗೆ ಬರೆಯುತ್ತಿತ್ತು. ಆ ಯಂತ್ರಗಳು ಕೆಟ್ಟು ಹೋದ ಮನೆಗಳಲ್ಲಿ ಅವುಗಳ ಮುದ್ರಣವನ್ನು ಹೊರತೆಗೆಯುವುದೇ ಸಾಹಸ. ಸಾಫ್ಟ್‌ವೇರಿನವರೂ ಬೀಗಬೇಕಿಲ್ಲ. ಹಳೆಯ ಪ್ರಾಜೆಕ್ಟ್ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅಂದು ಬಳಸಿದ್ದ ಪ್ಲಗಿನ್ನುಗಳೇ ಸಿಗುವುದಿಲ್ಲ. ಎರಡಕ್ಕೂ ಉಪಾಯ ಒಂದೇ: ಕೆಲಸ ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಹಾಡಿನ ಆರಂಭದಿಂದ ಕೊನೆಯವರೆಗೆ ಬೇರೆಬೇರೆ ವೇವ್ ಕಡತವಾಗಿ ತೆಗೆದು, ಎರಡು ಕಡೆ ಇಟ್ಟುಕೊಳ್ಳುವುದು. ಇಂದಿನ ರೆಕಾರ್ಡರುಗಳಲ್ಲಿ ಹೆಚ್ಚಿನವು ನೇರವಾಗಿ ವೇವ್ ಕಡತಗಳನ್ನೇ ಬರೆಯುತ್ತವೆ.

ಎರಡೂ ದಾರಿ ಸೇರುವ ಜಾಗ ಈಗ ವಿಶಾಲವಾಗಿದೆ. ಜೂಮ್ ಆರ್16, ಟಾಸ್ಕಾಮ್ ಮಾಡೆಲ್ 12ರಂಥ ಯಂತ್ರಗಳು ಒಂಟಿಯಾಗಿ ಕಾರ್ಡಿಗೆ ಬರೆಯುತ್ತವೆ, ಯುಎಸ್‌ಬಿ ತಂತಿ ಜೋಡಿಸಿದರೆ ಕಂಪ್ಯೂಟರಿನ ಇಂಟರ್‌ಫೇಸೂ ಆಗುತ್ತವೆ. ಕೈಯಲ್ಲಿ ಹಿಡಿಯುವ ಜೂಮ್ ಎಚ್ ಸರಣಿಯ ರೆಕಾರ್ಡರುಗಳಲ್ಲೂ ಈ ಸೌಲಭ್ಯವಿದೆ. ಮುದ್ರಣ ರೆಕಾರ್ಡರಿನಲ್ಲಿ, ತಿದ್ದುಪಡಿ ಮತ್ತು ಮಿಕ್ಸಿಂಗ್ ಕಂಪ್ಯೂಟರಿನಲ್ಲಿ: ಹೊಸಬರಿಗೆ ಇದೇ ಎಲ್ಲಕ್ಕಿಂತ ನೆಮ್ಮದಿಯ ಕ್ರಮ. ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಹಾಕಿದರೆ ಆಡಾಸಿಟಿಯೋ ರೀಪರೋ ಅದರಲ್ಲಿನ ಕಡತಗಳನ್ನು ತೆರೆಯುತ್ತದೆ.

ಹಾಗಾದರೆ ಯಾರಿಗೆ ಯಾವುದು? ಕುರ್ಚಿ ಬಿಟ್ಟೇಳದೆ ಓದುವ, ಮಾತಾಡುವ, ಒಂದೊಂದೇ ವಾದ್ಯ ಸೇರಿಸುತ್ತ ಹಾಡು ಕಟ್ಟುವ ಕೆಲಸಕ್ಕೆ ಕಂಪ್ಯೂಟರ್ ಸರಿ. ಮನೆಯಲ್ಲಿ ಲ್ಯಾಪ್‌ಟಾಪ್ ಈಗಾಗಲೇ ಇದ್ದರೆ ಖರ್ಚೂ ಕಡಿಮೆ. ದೇವಸ್ಥಾನದ ಭಜನೆ, ಯಕ್ಷಗಾನದ ತಾಳಮದ್ದಲೆ, ಮನೆಯ ಕಚೇರಿ, ಗಮಕ ವಾಚನ, ಹಳ್ಳಿಯ ಜನಪದ ಹಾಡು, ಹೀಗೆ ಒಂದೇ ಸಲ ನಡೆದು ಮುಗಿಯುವುದನ್ನು ಹಿಡಿಯಬೇಕಾದರೆ ರೆಕಾರ್ಡರ್ ಸರಿ. ಪರದೆ ನೋಡುತ್ತ ಕೂತರೆ ಹಾಡುವುದನ್ನೇ ಮರೆಯುವ ಸ್ವಭಾವದವರಿಗೂ ಅದೇ ಸರಿ. ಎರಡರಲ್ಲಿ ಯಾವುದನ್ನು ಕೊಂಡರೂ, ದುಡ್ಡು ಕೊಡುವ ಮುಂಚೆ ಮುದ್ರಣದ ಕೋಣೆಯಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕುಕ್ಕರ್ ಕೂಗದ ಹೊತ್ತಿನಲ್ಲಿ ಫೋನಿನಲ್ಲೇ ಹತ್ತು ನಿಮಿಷ ರೆಕಾರ್ಡ್ ಮಾಡಿ ಕೇಳಬೇಕು. ಬರಿಗೋಡೆಗಳಿಂದ ದನಿ ಮರುಕಳಿಸುತ್ತಿದ್ದರೆ ಮೊದಲ ಖರ್ಚು ದಪ್ಪ ಪರದೆಗಳಿಗೆ, ನೆಲದ ಜಮಖಾನಕ್ಕೆ. ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಕೋಣೆಯಾದರೆ ಅರ್ಧ ಕೆಲಸ ಆಗಲೇ ಆಗಿರುತ್ತದೆ.

ಮನೆಯಲ್ಲಿ ಸೋಬಾನೆ ಪದ, ಬೀಸುವ ಪದ, ಹಳೆಯ ಕೀರ್ತನೆ ಬಲ್ಲ ಹಿರಿಯರಿದ್ದರೆ ಈ ಚರ್ಚೆ ಬಗೆಹರಿಯುವ ತನಕ ಕಾಯಬೇಡಿ. ಕೈಯಲ್ಲಿರುವ ಫೋನಿನಲ್ಲೇ ಈ ಭಾನುವಾರ ಕೂತು ಹಾಡಿಸಿ. ಹಾಡುವ ಮೊದಲು ಅವರ ಹೆಸರು, ಊರು, ಆ ದಿನದ ತಾರೀಖು, ಹಾಡನ್ನು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ, ಕಡತವನ್ನು ಎರಡು ಕಡೆ ಉಳಿಸಿಡಿ.